ಪ್ರಯೋಗ ವರದಿಯಲ್ಲಿ ಫಲಿತಾಂಶ ಮತ್ತು ಚರ್ಚೆಯನ್ನು ಬರೆಯುವ ಕ್ರಮ

ವಿಜ್ಞಾನ ಪ್ರಯೋಗದ ವರದಿಯಲ್ಲಿ ಫಲಿತಾಂಶ ಭಾಗವು ಅಳೆದದ್ದನ್ನು ಹಾಗೂ ಲೆಕ್ಕ ಹಾಕಿದ್ದನ್ನು ಮಾತ್ರ ಒಳಗೊಂಡಿರತಕ್ಕದ್ದು. ಅದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ಚರ್ಚೆಯ ಭಾಗದಲ್ಲಿ ವಿವರಿಸತಕ್ಕದ್ದು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಇಲ್ಲಿ ಉದಾಹರಣೆಯಾಗಿ ನೀಡಲಾಗಿದೆ.

ಲೋಲಕದ ಉದ್ದ 100 ಸೆಂ.ಮೀ., 20 ಆಂದೋಲನಗಳಿಗೆ ತಗುಲಿದ ಕಾಲ 40.4 ಸೆಕೆಂಡು ಎಂದಿಟ್ಟುಕೊಂಡಲ್ಲಿ ವೇಗೋತ್ಕರ್ಷವು 9.68 ಮೀ/ಸೆ² ಬರುತ್ತದೆ. ಪಠ್ಯಪುಸ್ತಕದ 9.8ಕ್ಕೆ ಸರಿಹೊಂದಿಸಲು 40.4 ಅನ್ನು 40.1 ಎಂದು ತಿದ್ದುವ ವಿದ್ಯಾರ್ಥಿಗಳುಂಟು. ಹಾಗೆ ಮಾಡಿದಲ್ಲಿ ಚರ್ಚಿಸಲು ಏನೂ ಉಳಿಯುವುದಿಲ್ಲ. 9.8 ಎಂಬುದೂ ಒಂದು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದ ಸಂಖ್ಯೆಯೇ. ಅಕ್ಷಾಂಶ ಮತ್ತು ಎತ್ತರಕ್ಕನುಗುಣವಾಗಿ ಈ ಮೌಲ್ಯ ಬದಲಾಗುತ್ತಿದ್ದು, ಬೆಂಗಳೂರಿನಲ್ಲಿ ಸುಮಾರು 9.78 ಇರುತ್ತದೆ.

ವ್ಯತ್ಯಾಸಕ್ಕೆ ಕಾರಣ “ಮಾನವ ದೋಷ” ಎಂದಷ್ಟೇ ಬರೆಯುವುದು ರೂಢಿಯಲ್ಲಿದೆಯಾದರೂ ಅದರಿಂದ ಏನೂ ತಿಳಿಯುವುದಿಲ್ಲ. ದೋಷದ ಪ್ರಮಾಣವನ್ನು ನಮೂದಿಸತಕ್ಕದ್ದು. ಸ್ಟಾಪ್‌ವಾಚ್ ಒತ್ತುವಲ್ಲಿ 0.2 ಸೆಕೆಂಡು ಹೆಚ್ಚುಕಡಿಮೆಯಾದಲ್ಲಿ 40 ಸೆಕೆಂಡಿಗೆ ಅದು ಶೇ. 0.5, ಸೂತ್ರದಲ್ಲಿ ಆಂದೋಲನಾವಧಿಯ ವರ್ಗವಿರುವುದರಿಂದ ಫಲಿತಾಂಶದಲ್ಲಿ ಶೇ. 1, ಅಂದರೆ ಸುಮಾರು 0.1. ಒಂದೇ ಆಂದೋಲನವನ್ನು ಅಳೆದಿದ್ದಲ್ಲಿ ಇದು ಶೇ. 20ರಷ್ಟಾಗುತ್ತಿತ್ತು.

ಉದ್ದವನ್ನು ಗುಂಡಿನ ಮಧ್ಯಬಿಂದುವಿನವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದರೆ ಪ್ರತಿ ಬಾರಿಯೂ ಮೌಲ್ಯ ಕಡಿಮೆಯೇ ಬರುತ್ತದೆ. ಎಷ್ಟು ಸಲ ಪುನರಾವರ್ತಿಸಿದರೂ ಈ ದೋಷ ನಿವಾರಣೆಯಾಗದು. ಇವೆರಡನ್ನೂ ಪ್ರತ್ಯೇಕವಾಗಿ ಬರೆಯತಕ್ಕದ್ದು.

ತಪ್ಪಾಗಿ ದಾಖಲಿಸಿದ ಅಳತೆಯನ್ನು ಅಳಿಸದೆ, ಓದಲು ಸಾಧ್ಯವಾಗುವಂತೆ ಒಂದೇ ಗೆರೆ ಎಳೆದು, ಕಾರಣವನ್ನು ಪಕ್ಕದಲ್ಲಿ ಬರೆಯುವುದು ಸೂಕ್ತ.