ಕೆಲಸ ಇಲ್ಲದೆ ಬೆಂಗಳೂರಿಗೆ ಬಂದರೆ ಎಷ್ಟು ತಿಂಗಳು ಕಾಯಬಹುದು?

ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಕೈಯಲ್ಲಿ ಆಫರ್ ಲೆಟರ್ ಇಲ್ಲದೆ ಬೆಂಗಳೂರಲ್ಲಿ ಇಳಿಯೋ ಹುಡುಗ ಹುಡುಗಿಯರು ಹೊಸಬರೇನಲ್ಲ. 'ಹೋಗು, ಹೇಗೋ ಆಗುತ್ತೆ' ಅನ್ನೋ ಧೈರ್ಯಕ್ಕೆ ಮೊದಲು ಒಂದಿಷ್ಟು ಆಧಾರವೂ ಇತ್ತು. ಸೀನಿಯರ್ ಒಬ್ಬರ ರೂಮು, ದಿನಕ್ಕೆರಡು ವಾಕ್-ಇನ್, ಯಾವುದೂ ಸಿಗದಿದ್ದರೆ ಕಾಲ್ ಸೆಂಟರ್.

ಆ ಆಧಾರ ಈಗ ಸಡಿಲವಾಗಿದೆ. 2023-24ರ ಒಂದೇ ಹಣಕಾಸು ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಈ ಮೂರರ ಒಟ್ಟು ನೌಕರರ ಸಂಖ್ಯೆ ಸುಮಾರು 64 ಸಾವಿರ ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ಇನ್ನೂ ಸುಮಾರು 12 ಸಾವಿರ ಜನರನ್ನು ಕಡಿತ ಮಾಡುವುದಾಗಿ ಹೇಳಿತು. ದೇಶದ ಜಿಡಿಪಿ ಬೆಳೆಯುತ್ತಲೇ ಇದೆ, ಆದ್ದರಿಂದ ಇದನ್ನು ಯಾರೂ ಆರ್ಥಿಕ ಹಿಂಜರಿತ ಅಂತ ಕರೆಯಲ್ಲ. ಮೊದಲ ಕೆಲಸಕ್ಕೆ ಕಾಯ್ತಾ ಇರೋರಿಗೆ ಆ ವ್ಯತ್ಯಾಸದಿಂದ ಆಗಬೇಕಾದ್ದು ಏನೂ ಇಲ್ಲ.

ಸರ್ಕಾರದ ಅಂಕಿ ಅಂಶ ನೋಡಿದರೆ ಪರಿಸ್ಥಿತಿ ಅಷ್ಟು ಕೆಟ್ಟದಾಗಿ ಕಾಣಲ್ಲ. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ 15ರಿಂದ 29 ವಯಸ್ಸಿನವರಲ್ಲಿ ನಿರುದ್ಯೋಗ ಪ್ರಮಾಣ ಶೇ. 10.2. ಆದರೆ ಇದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಕಳೆದ 7 ದಿನಗಳಲ್ಲಿ ಯಾವುದೋ ಒಂದು ದಿನ 1 ಗಂಟೆ ದುಡಿದಿದ್ದರೂ ನೀವು 'ಉದ್ಯೋಗಿ'. ಭಾನುವಾರ ಗೆಳೆಯನ ಬೈಕಲ್ಲಿ ನಾಲ್ಕು ಊಟದ ಪಾರ್ಸೆಲ್ ತಲುಪಿಸಿದ ಎಂಜಿನಿಯರಿಂಗ್ ಪದವೀಧರ ನಿರುದ್ಯೋಗಿಗಳ ಪಟ್ಟಿಯಲ್ಲಿ ಇರಲ್ಲ.

ದುಡ್ಡು ಅಂದ್ರೆ ತಿಂಗಳುಗಳು

ಕೆಲಸ ಇಲ್ಲದೆ ನಗರಕ್ಕೆ ಬರೋರು ನಿಜವಾಗಿ ಕೊಂಡುಕೊಳ್ಳೋದು ಸಮಯವನ್ನು. ಹಾಗಾಗಿ 'ಕೈಯಲ್ಲಿ ಎಷ್ಟಿದೆ' ಅನ್ನೋದಕ್ಕಿಂತ 'ಎಷ್ಟು ತಿಂಗಳಿದೆ' ಅಂತ ಕೇಳಿಕೊಳ್ಳಬೇಕು. 60 ಸಾವಿರ ಇದೆ, ತಿಂಗಳ ಖರ್ಚು 12 ಸಾವಿರ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 5 ತಿಂಗಳು. ಅಡ್ವಾನ್ಸ್ ಕೊಟ್ಟ ಮರುಕ್ಷಣ ಅದು 3 ಆಗಬಹುದು. ಕೆಲಸ ಸಿಕ್ಕ ಮೇಲೂ ಮೊದಲ ಸಂಬಳಕ್ಕೆ 30ರಿಂದ 45 ದಿನ ಕಾಯಬೇಕು, ಈ ತಿಂಗಳನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯಲ್ಲ. ಉಳಿಯೋದು 2 ತಿಂಗಳು. ಈಗಿನ ಪರಿಸ್ಥಿತಿಯಲ್ಲಿ ಮೂರು ರೌಂಡ್ ಇಂಟರ್‌ವ್ಯೂ ಮಾಡಿ, ಆಮೇಲೆ ಸುಮ್ಮನಾಗುವ ಒಂದೇ ಒಂದು ಕಂಪನಿ ಸಾಕು ಆ 2 ತಿಂಗಳು ತಿನ್ನೋಕೆ.

ಅಪ್ಪನ ಪೆನ್ಷನ್ನೋ ಅಡಿಕೆ ತೋಟವೋ ಬೆನ್ನಿಗಿರೋರು 8 ತಿಂಗಳು ಕಾದು ಸರಿಯಾದ ಕೆಲಸ ಹಿಡೀತಾರೆ. ಹತ್ತಿ ಬೆಳೆಗೆ ಸಾಲ ಮಾಡಿದ ಮನೆಯ ಹುಡುಗಿ ಮೂರನೇ ತಿಂಗಳಿಗೆ ಸಿಕ್ಕಿದ್ದಕ್ಕೆ ಸಹಿ ಹಾಕ್ತಾಳೆ. ಐದು ವರ್ಷದ ನಂತರ ಇಬ್ಬರ ರೆಸ್ಯೂಮೆ ಪಕ್ಕಪಕ್ಕ ಇಟ್ಟು ನೋಡಿದವರು ಅದಕ್ಕೆ ಪ್ರತಿಭೆ ಅಂತ ಹೆಸರಿಡ್ತಾರೆ.

ಅಡ್ವಾನ್ಸ್ ಎಂಬ ಗೋಡೆ

ಬೆಂಗಳೂರಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡ ಕೇಳೋದು ಹಳೇ ರೂಢಿ. ಈಗ ಹಲವು ಕಡೆ 5-6 ತಿಂಗಳಿಗೆ ಇಳಿದಿದೆ, ಅದೂ ಸಣ್ಣ ಮೊತ್ತವಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಮುಂಗಡ 2 ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ತನ್ನ ಕಾನೂನಿಗೆ ಸೇರಿಸಿಕೊಳ್ಳದ ಹೊರತು ಅದನ್ನು ತೋರಿಸಿ ಮಾಲೀಕರ ಜೊತೆ ವಾದ ಮಾಡೋಕೆ ಆಗಲ್ಲ.

ಕರಾರು ಪತ್ರ 11 ತಿಂಗಳಿಗೇ ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಕರಾರನ್ನು ನೋಂದಾಯಿಸಲೇಬೇಕು. 11 ತಿಂಗಳಾದರೆ ಆ ಶುಲ್ಕವೂ ಇಲ್ಲ, ದಾಖಲೆಯೂ ಇಲ್ಲ. ಅದೇನೇ ಇರಲಿ, ಸಹಿ ಮಾಡಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಮುಂಗಡವನ್ನು ನಗದಾಗಿ ಕೊಡಬೇಡಿ, ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್‌ಬೋರ್ಡ್ ಎಲ್ಲದರ ಫೋಟೊ ತೆಗೆದಿಡಿ. ನಾನು ಬಿಟ್ಟ ಮೊದಲ ರೂಮಿನ ಮಾಲೀಕರು, ನಾನು ಬರೋ ಮೊದಲೇ ಉದುರುತ್ತಿದ್ದ ಸುಣ್ಣಕ್ಕೆ 'ಪೇಂಟಿಂಗ್ ಚಾರ್ಜ್' ಹಿಡಿದುಕೊಂಡರು. ಫೋಟೊ ಇರಲಿಲ್ಲ.

ಕೆಲಸ ಇಲ್ಲದೋರಿಗೆ ಮನೆಗಿಂತ ಪಿಜಿ ವಾಸಿ, ಕಾರಣ ಮುಂಗಡ ಕಡಿಮೆ, ಬಿಡೋದೂ ಸುಲಭ. ಅಲ್ಲಿ ಬಾಡಿಗೆ ಮೇಲೆ ಜಿಎಸ್‌ಟಿ ಸೇರಿಸಿದರೆ ಪ್ರಶ್ನೆ ಮಾಡಿ. ಒಬ್ಬರಿಗೆ ತಿಂಗಳಿಗೆ 20 ಸಾವಿರದೊಳಗಿನ ಬಾಡಿಗೆಯಿದ್ದು, ಸತತ 90 ದಿನದ ವಾಸ್ತವ್ಯವಾದರೆ ತೆರಿಗೆ ವಿನಾಯಿತಿ ಕೊಡಬೇಕು ಅಂತ ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ನಿರ್ಧರಿಸಿದೆ. ಜಾತಿ, ಧರ್ಮ, ಮಾಂಸಾಹಾರ ಕೇಳಿ 'ರೂಮ್ ಖಾಲಿ ಇಲ್ಲ' ಅನ್ನೋರಿಗೆ ಯಾವ ಮಂಡಳಿಯ ಸುತ್ತೋಲೆಯೂ ಮುಟ್ಟಲ್ಲ. ಆ ಬಗ್ಗೆ ಒಂದು ಪ್ರತ್ಯೇಕ ಲೇಖನವೇ ಬೇಕು.

ಊರು ಬಿಟ್ಟರೂ ಜೊತೆಗೆ ಬರುವ ಹಕ್ಕುಗಳು

ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ರಾಜ್ಯದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ಅರ್ಜಿ ಸೇವಾ ಸಿಂಧುನಲ್ಲಿ. ಕೆಲಸ ಸಿಕ್ಕಿಲ್ಲ ಅನ್ನೋ ಸ್ವಯಂ ಘೋಷಣೆಯನ್ನು ಆಗಾಗ ಕೊಡ್ತಾ ಇರಬೇಕು, ಮರೆತರೆ ಹಣ ನಿಲ್ಲುತ್ತೆ. 3,000 ರೂಪಾಯಿಗೆ ಬೆಂಗಳೂರಲ್ಲಿ ಪಿಜಿಯ ಒಂದು ಮಂಚವೂ ಪೂರ್ತಿ ಬರಲ್ಲ ನಿಜ. ಆದರೆ ಮೇಲಿನ ಲೆಕ್ಕದಲ್ಲಿ ಅದು ಪ್ರತಿ ತಿಂಗಳಿಗೆ ಒಂದು ವಾರ ಸೇರಿಸುತ್ತೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಇದಕ್ಕಿಂತ ದೊಡ್ಡ ಸಹಾಯ. ಊರಿಂದ ಬರೋ ಸಾಮಾನ್ಯ ಸಾರಿಗೆ ಬಸ್ಸೂ ಬಿಎಂಟಿಸಿಯ ಸಾಮಾನ್ಯ ಬಸ್ಸೂ ಉಚಿತ. ವೈಟ್‌ಫೀಲ್ಡ್‌ನಲ್ಲಿ ಒಂದು ಇಂಟರ್‌ವ್ಯೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ಇದ್ದಾಗ ಇದರ ಬೆಲೆ ಗೊತ್ತಾಗುತ್ತೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ ತಿಂಡಿ 5, ಊಟ 10 ರೂಪಾಯಿ ಇಟ್ಟದ್ದೇ ಇಂಥ ಜೇಬುಗಳಿಗೆ. ನಾಚಿಕೆ ಯಾಕೆ? ಪಡಿತರ ಚೀಟಿಯೂ ಬೇರೆ ಊರಲ್ಲಿ ನಡೆಯುತ್ತೆ, ಆದರೆ ಅಡುಗೆಮನೆ ಇಲ್ಲದ ಪಿಜಿಯಲ್ಲಿ ಅಕ್ಕಿ ತಗೊಂಡು ಏನು ಮಾಡೋದು.

ಕಲ್ಯಾಣ ಕರ್ನಾಟಕದವರು ಮರೆಯಬಾರದ ಒಂದು ಕಾಗದ ಇದೆ. 371(ಜೆ) ಅರ್ಹತಾ ಪತ್ರ. ಆ ಭಾಗದ ಹೊರಗಿನ ರಾಜ್ಯ ಮಟ್ಟದ ಸರ್ಕಾರಿ ಹುದ್ದೆಗಳಲ್ಲೂ ಶೇ. 8 ಮೀಸಲಾತಿ ಇದೆ. ಬೆಂಗಳೂರಲ್ಲಿ ಕೂತು ಅದನ್ನು ಮಾಡಿಸೋಕೆ ಓಡಾಡೋದಕ್ಕಿಂತ ಹೊರಡುವ ಮೊದಲೇ ಉಪವಿಭಾಗಾಧಿಕಾರಿ ಕಚೇರಿಯಿಂದ ತಗೊಂಡು ಬನ್ನಿ.

'ಸದ್ಯಕ್ಕೆ' ಮಾಡುವ ಕೆಲಸ

ದುಡ್ಡು ಮುಗಿದವರನ್ನು ನಗರ ಎರಡು ಕಡೆ ತಳ್ಳುತ್ತೆ. ಒಂದು, ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಕಡೆಗೆ. ಅಲ್ಲಿ ಸಮಯ ಬೇರೆ ಥರ ಖರ್ಚಾಗುತ್ತೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಸರ್ಕಾರದ ತಪ್ಪಿಗೆ ಆ ನಾಲ್ಕು ತಿಂಗಳ ರೂಮ್ ಬಾಡಿಗೆ ಕಟ್ಟಿದ್ದು ಅಭ್ಯರ್ಥಿಗಳು.

ಇನ್ನೊಂದು, ಡೆಲಿವರಿ ಆ್ಯಪ್‌ಗಳ ಕಡೆಗೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅವಕಾಶ ಕೊಟ್ಟಿದೆ. ಕಾರಣ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ ಅಂತಲೂ ಹೇಳಿದೆ. ಎರಡು ತಿಂಗಳಿಗೆ ಅಂತ ಬಂದವರೂ ನೋಂದಣಿ ಆಗಿದೆಯಾ ನೋಡಿಕೊಳ್ಳಿ, ಯಾಕಂದ್ರೆ ಎರಡು ತಿಂಗಳು ಎರಡು ವರ್ಷ ಆಗೋದು ಇಲ್ಲಿ ಸಾಮಾನ್ಯ.

ಮಾರುಕಟ್ಟೆ ಕುಸಿದಾಗ ವಂಚನೆ ಹೆಚ್ಚುತ್ತೆ. ಕೆಲಸ ಕೊಡಿಸೋಕೆ 'ರಿಜಿಸ್ಟ್ರೇಷನ್', 'ಲ್ಯಾಪ್‌ಟಾಪ್ ಡೆಪಾಸಿಟ್', 'ಬ್ಯಾಕ್‌ಡೋರ್' ಅಂತ ದುಡ್ಡು ಕೇಳಿದ ಕೂಡಲೇ ಎದ್ದು ಬನ್ನಿ. ಮೂಲ ಅಂಕಪಟ್ಟಿ ಯಾರ ಕೈಗೂ ಒತ್ತೆ ಕೊಡಬೇಡಿ. ಆನ್‌ಲೈನ್‌ನಲ್ಲಿ ಹಣ ಹೋದರೆ ಮೊದಲ ಗಂಟೆಯಲ್ಲೇ 1930ಕ್ಕೆ ಕರೆ ಮಾಡಿ.

ಇರುವ ಊರಲ್ಲಿ ಮತ

ಕೊನೆಗೆ ಉಳಿಯೋದು ವಿಳಾಸದ ಪ್ರಶ್ನೆ. ಪಿಜಿಯಲ್ಲಿ ಇರೋರೂ ಫಾರಂ 8 ತುಂಬಿ ತಮ್ಮ ಮತವನ್ನು ಬೆಂಗಳೂರಿಗೆ ವರ್ಗಾಯಿಸಿಕೊಳ್ಳಬಹುದು. ಬಹಳ ಜನ ಮಾಡಲ್ಲ, 'ನಾಲ್ಕು ದಿನ ಇರೋಕೆ ಬಂದವರು ನಾವು' ಅಂತಾರೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರದಲ್ಲಿ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. ಬಾಡಿಗೆ ಮುಂಗಡಕ್ಕೆ ಮಿತಿ ಹಾಕಿ ಅಂತ ಕೇಳಬೇಕಾದ ಲಕ್ಷಾಂತರ ಜನರ ಮತ ಇನ್ನೂ ಯಾದಗಿರಿ, ಕೊಪ್ಪಳ, ಹಾವೇರಿಯ ಪಟ್ಟಿಗಳಲ್ಲಿದೆ. ಮನೆ ಮಾಲೀಕರದು ಮಾತ್ರ ಇಲ್ಲೇ ಇದೆ.