ಐತಿಹಾಸಿಕ ತಂತ್ರಗಾರಿಕೆಯ ವಿಡಿಯೋ ಗೇಮ್‌ಗಳು: ಸಣ್ಣ ಸ್ಟುಡಿಯೋಗಳಿಗಿರುವ ದಾರಿ

ಇತಿಹಾಸದ ಒಂದು ಕಾಲಘಟ್ಟವನ್ನು ಹಿನ್ನೆಲೆಯಾಗಿ ಇಟ್ಟುಕೊಂಡು, ಆಡುವವನನ್ನು ಅರಸನ, ದಂಡನಾಯಕನ ಅಥವಾ ಊರ ಯಜಮಾನನ ಸ್ಥಾನದಲ್ಲಿ ಕೂರಿಸಿ, ಆತನಿಂದ ನಿರ್ಧಾರಗಳನ್ನು ಮಾಡಿಸುವ ಕಂಪ್ಯೂಟರ್ ಆಟಗಳಿಗೆ ಐತಿಹಾಸಿಕ ಸ್ಟ್ರಾಟೆಜಿ ಗೇಮ್‌ಗಳೆಂದು ಹೆಸರು. ಕನ್ನಡದಲ್ಲಿ ಇವನ್ನು ತಂತ್ರಗಾರಿಕೆಯ ಆಟಗಳೆನ್ನಬಹುದು. ಬೆರಳಿನ ಚುರುಕಿಗಿಂತ ಲೆಕ್ಕಾಚಾರಕ್ಕೆ ಇಲ್ಲಿ ಬೆಲೆ ಹೆಚ್ಚು. ಹಾಗಾಗಿ ಇವು ಗುಂಡು ಹಾರಿಸುವ ಆಟಗಳಿಗಿಂತ ನಮ್ಮ ಚದುರಂಗಕ್ಕೆ ಹತ್ತಿರದ ನೆಂಟರು. 1991ರಲ್ಲಿ ಅಮೆರಿಕದ ಸಿಡ್ ಮೇಯರ್ ರೂಪಿಸಿದ ‘ಸಿವಿಲೈಜೇಶನ್’, 1997ರ ‘ಏಜ್ ಆಫ್ ಎಂಪೈರ್ಸ್’, 2000ದಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್’ ಈ ವರ್ಗದ ಪ್ರಸಿದ್ಧ ಹೆಸರುಗಳು.

ನಮ್ಮ ಮನೆಗಳಲ್ಲಿ ಈ ಆಟಗಳ ಪ್ರಸ್ತಾಪ ಬರುವುದು ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶ ಬಂದ ದಿನ, ದೂರಿನ ರೂಪದಲ್ಲಿ. ಆದರೆ ವಿಷಯಕ್ಕೆ ಇನ್ನೊಂದು ಮುಖವಿದೆ. ಶಾಲೆಯ ಪಠ್ಯಪುಸ್ತಕದಲ್ಲಿ ಒಂದೆರಡು ಪುಟಗಳಲ್ಲಿ ಮುಗಿದುಹೋಗುವ ಸಾಮ್ರಾಜ್ಯವನ್ನು ಹುಡುಗನೊಬ್ಬ ಈ ಆಟಗಳಲ್ಲಿ ನೂರಾರು ಗಂಟೆ ಆಳುತ್ತಾನೆ. ಆಟದ ನಿಯಮಗಳು ಏನನ್ನು ಗೆಲುವೆನ್ನುತ್ತವೆಯೋ, ಏನನ್ನು ಸುಲಭವೆನ್ನುತ್ತವೆಯೋ, ಅದೇ ಅವನ ಮನಸ್ಸಿನಲ್ಲಿ ಇತಿಹಾಸವಾಗಿ ನಿಲ್ಲುತ್ತದೆ. ಆದ್ದರಿಂದ ಈ ನಿಯಮಗಳನ್ನು ಯಾರು, ಎಲ್ಲಿಂದ ತಂದು ಬರೆಯುತ್ತಾರೆ ಎಂಬುದು ನಮಗೂ ಸಂಬಂಧಿಸಿದ ಪ್ರಶ್ನೆ.

ದೊಡ್ಡ ಸಂಸ್ಥೆಗಳು ಒಂದು ಆಟಕ್ಕೆ ನೂರಾರು ಜನರನ್ನು ಹಲವು ವರ್ಷ ದುಡಿಸುತ್ತವೆ. ಸಣ್ಣ ಸ್ಟುಡಿಯೋ ಎಂದರೆ ಐದಾರು ಜನ, ಹೆಚ್ಚೆಂದರೆ ಹದಿನೈದು ಇಪ್ಪತ್ತು ಜನ. ಇವರು ದೊಡ್ಡವರ ಆಟದ ಪುಟ್ಟ ನಕಲನ್ನು ಮಾಡಹೊರಟಾಗಲೇ ಸೋಲು ಆರಂಭವಾಗುತ್ತದೆ. ಪ್ರಪಂಚದ ಭೂಪಟವೆಲ್ಲ ಬೇಕು, ನಾಲ್ಕು ಸಾವಿರ ವರ್ಷಗಳ ಕಾಲವೆಲ್ಲ ಬೇಕು ಎಂದು ಕೈಹಾಕಿ, ಕೊನೆಗೆ ಎಲ್ಲವೂ ಅರೆಬರೆಯಾಗಿ ಉಳಿಯುತ್ತದೆ. ಆದರೆ ಈ ಪ್ರಕಾರ ಹುಟ್ಟಿದ್ದು ದೊಡ್ಡ ಕಂಪನಿಗಳ ಮನೆಯಲ್ಲಲ್ಲ, ಶಾಲಾ ಶಿಕ್ಷಕರ ಕೈಯಲ್ಲಿ.

1964ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ ಎಂಬಾಕೆ ಐಬಿಎಂ ಸಂಸ್ಥೆಯ ಸಹಕಾರದಿಂದ ‘ದಿ ಸುಮೇರಿಯನ್ ಗೇಮ್’ ಎಂಬ ಆಟವನ್ನು ರಚಿಸಿದರು. ಅದಕ್ಕೆ ಪ್ರೋಗ್ರಾಂ ಬರೆದವರು ವಿಲಿಯಂ ಮೆಕೇ. ಬಹುಪಾಲು ಟೈಪ್ ಆಗಿ ಬರುವ ಅಕ್ಷರಗಳ ಮೂಲಕವೇ ಆಟ. ಆಡುವ ಮಗು ಪ್ರಾಚೀನ ಸುಮೇರಿನ ಲಗಾಷ್ ನಗರದ ಅರಸ. ಬಂದ ಫಸಲಿನಲ್ಲಿ ಜನರ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ಆತ ನಿರ್ಧರಿಸಬೇಕು. ಊಟಕ್ಕೆ ಹೆಚ್ಚು ಕೊಟ್ಟರೆ ಮುಂದಿನ ವರ್ಷ ಬಿತ್ತಲು ಬೀಜವಿಲ್ಲ. ಕಣಜ ತುಂಬಿಸಿದರೆ ಈ ವರ್ಷವೇ ಜನ ಸಾಯುತ್ತಾರೆ. ಮೂರು ದಶಕ ಬ್ಯಾಂಕಿನ ಲೆಡ್ಜರುಗಳ ನಡುವೆ ಕಳೆದ ನನ್ನಂಥವನಿಗೆ ಇದಕ್ಕಿಂತ ಸೊಗಸಾದ ಇತಿಹಾಸ ಪಾಠವನ್ನು ಊಹಿಸುವುದು ಕಷ್ಟ.

ಎರಡನೆಯ ಉದಾಹರಣೆ 1971ರದು. ಅಮೆರಿಕದ ಮಿನೆಸೋಟದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಡಾನ್ ರಾವಿಚ್, ತನ್ನ ಇತಿಹಾಸದ ತರಗತಿಗೆಂದು ಬಿಲ್ ಹೈನ್‌ಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಎಂಬ ಇಬ್ಬರು ಗೆಳೆಯರ ಜತೆ ಸೇರಿ ‘ದಿ ಆರೆಗಾನ್ ಟ್ರೇಲ್’ ಆಟವನ್ನು ಕೆಲವೇ ದಿನಗಳಲ್ಲಿ ಸಿದ್ಧಪಡಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದ ಕುಟುಂಬಗಳ ಕಥೆ ಅದು. ಕೈಯಲ್ಲಿರುವ ಹಣದಲ್ಲಿ ಎತ್ತು, ಆಹಾರ, ಬಟ್ಟೆ, ಮದ್ದುಗುಂಡುಗಳಿಗೆ ಎಷ್ಟೆಷ್ಟು ಎಂದು ಹಂಚಿ ಹೊರಡಬೇಕು. ಮುಂದೆ ಶೈಕ್ಷಣಿಕ ಗಣಕ ಸಂಸ್ಥೆಯೊಂದನ್ನು ಸೇರಿದ ರಾವಿಚ್, ವಲಸಿಗರು ಬರೆದಿಟ್ಟ ದಿನಚರಿಗಳನ್ನು ಓದಿ, ದಾರಿಯಲ್ಲಿ ಎದುರಾಗುವ ಕಾಯಿಲೆ, ಮಳೆ, ಅಪಘಾತ ಮುಂತಾದವು ಆಟದಲ್ಲಿ ಎಷ್ಟು ಬಾರಿ ಬರಬೇಕೆಂಬುದನ್ನು ಅವುಗಳಿಗೆ ಅನುಗುಣವಾಗಿ ತಿದ್ದಿದರು. ದಾಖಲೆಯನ್ನು ಓದಿ ಅದನ್ನು ನಿಯಮವಾಗಿ ಬದಲಿಸುವ ಈ ಕ್ರಿಯೆಗೆ ಬೇಕಾದದ್ದು ತಾಳ್ಮೆ ಮತ್ತು ಗ್ರಂಥಾಲಯ. ಸಣ್ಣ ಸ್ಟುಡಿಯೋ ದೊಡ್ಡವರ ಜತೆ ಸಮನಾಗಿ ನಿಲ್ಲಬಲ್ಲದ್ದು ಇಲ್ಲಿ.

ಇತ್ತೀಚಿನ ಯಶಸ್ಸುಗಳೂ ಇದನ್ನೇ ತೋರಿಸುತ್ತವೆ. ಕ್ರೊಯೇಷಿಯಾದ 2x2 ಗೇಮ್ಸ್ ಎಂಬ ಪುಟ್ಟ ತಂಡ 2011ರಲ್ಲಿ ‘ಯೂನಿಟಿ ಆಫ್ ಕಮಾಂಡ್’ ಹೊರತಂದಿತು. ವಸ್ತು ಸ್ಟಾಲಿನ್‌ಗ್ರಾಡ್ ಸುತ್ತಲಿನ 1942-43ರ ಯುದ್ಧ. ಇಲ್ಲಿ ಟ್ಯಾಂಕುಗಳ ಆರ್ಭಟಕ್ಕಿಂತ ಮುಖ್ಯವಾದದ್ದು ಸರಬರಾಜು. ರೈಲುಮಾರ್ಗದಿಂದ ಹೊರಟ ಆಹಾರ, ಇಂಧನ ಯಾವ ತುಕಡಿಗೆ ತಲುಪುತ್ತದೆ, ಯಾವುದಕ್ಕೆ ತಪ್ಪುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಶತ್ರುವನ್ನು ಹೊಡೆಯುವ ಬದಲು ಅವನ ದಾರಿಯನ್ನು ಕಡಿದರೆ ಸಾಕೆಂದು ಆಡುವವನಿಗೆ ತಾನಾಗಿ ಹೊಳೆಯುತ್ತದೆ. 2021ರ ‘ಓಲ್ಡ್ ವರ್ಲ್ಡ್’ ಸೋರೆನ್ ಜಾನ್ಸನ್ ಅವರದು. ನಾಲ್ಕನೆಯ ‘ಸಿವಿಲೈಜೇಶನ್’ ಆಟದ ಮುಖ್ಯ ವಿನ್ಯಾಸಕರಾಗಿದ್ದವರು. ಅದರಲ್ಲಿ ಅರಸನಿಗೆ ವರ್ಷಕ್ಕೆ ಇಂತಿಷ್ಟೇ ಆಜ್ಞೆಗಳು. ಸೈನ್ಯ ನಡೆಸುವುದು, ಕೆಲಸಗಾರರನ್ನು ಕಳಿಸುವುದು, ಎಲ್ಲವೂ ಒಂದೇ ಖಾತೆಯಿಂದ ಖರ್ಚು. ಅಧಿಕಾರಕ್ಕೂ ಮಿತಿಯಿದೆ ಎಂಬ ಐತಿಹಾಸಿಕ ಸತ್ಯ ಒಂದು ಅಂಕಿಯಲ್ಲಿ ಅಡಗಿದೆ.

ಇನ್ನು ‘ಮೇನರ್ ಲಾರ್ಡ್ಸ್’. ಪೋಲೆಂಡಿನ ಗ್ರೆಗ್ ಸ್ಟಿಚೆನ್ ಬಹುಪಾಲು ಒಬ್ಬರೇ ವರ್ಷಗಟ್ಟಲೆ ಕೂತು ರೂಪಿಸಿದ ಈ ಆಟ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಮೊದಲ ದಿನವೇ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಮಧ್ಯಯುಗದ ಜರ್ಮನಿಯ ಒಂದು ಪ್ರಾಂತ್ಯದಲ್ಲಿ ಹಳ್ಳಿ ಕಟ್ಟುವುದಷ್ಟೇ ಕೆಲಸ. ಮನೆಯ ಹಿಂದಿನ ಉದ್ದನೆಯ ಹಿತ್ತಿಲಿನಲ್ಲಿ ತರಕಾರಿಯೋ ಕೋಳಿಯೋ ಎಂಬುದು ಒಂದು ಗಂಭೀರ ಪ್ರಶ್ನೆ. ಮರದ ದಿಮ್ಮಿಗಳನ್ನು ಎಳೆಯಲು ಊರಿಗೆ ಇರುವುದು ಒಂದೇ ಎತ್ತಾದರೆ ಇಡೀ ಊರಿನ ಬೆಳವಣಿಗೆ ಆ ಎತ್ತಿನ ನಡಿಗೆಯ ವೇಗದಲ್ಲಿ ಸಾಗುತ್ತದೆ. ಹಳ್ಳಿಯಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. (ಈ ಮಾರಾಟದ ಅಂಕಿಯನ್ನು ಮಾತ್ರ ಯಾರೂ ಮಾದರಿಯಾಗಿ ಇಟ್ಟುಕೊಳ್ಳಬಾರದು. ಲಾಟರಿ ಹೊಡೆದವನ ಪಾಸ್‌ಬುಕ್ ತೋರಿಸಿ ಸಾಲಕ್ಕೆ ಅರ್ಜಿ ಹಾಕಿದಂತಾಗುತ್ತದೆ.)

ಈ ಆಟಗಳೆಲ್ಲ ಒಂದೊಂದು ಅಭಾವವನ್ನು ಹಿಡಿದು ಅದರ ಸುತ್ತ ಬೆಳೆದಿವೆ: ಬೀಜ, ಎತ್ತು, ಸರಬರಾಜು, ಆಜ್ಞೆ. ನಮ್ಮ ಚರಿತ್ರೆಯನ್ನು ಈ ರೀತಿಯಲ್ಲಿ ನೋಡಿದ ಆಟ ನನ್ನ ಗಮನಕ್ಕೆ ಬಂದಿಲ್ಲ. ಹಾಗೆಂದು ನಾವು ಭೂಪಟದಲ್ಲಿ ಇಲ್ಲವೆಂದಲ್ಲ. 2013ರ ‘ಯುರೋಪಾ ಯೂನಿವರ್ಸಾಲಿಸ್ 4’ ಆರಂಭವಾಗುವುದು 1444ರಲ್ಲಿ. ಇಮ್ಮಡಿ ದೇವರಾಯನ ಕಾಲದ ವಿಜಯನಗರವನ್ನು ಅದರಲ್ಲಿ ಆಳಬಹುದು. ‘ಏಜ್ ಆಫ್ ಎಂಪೈರ್ಸ್ 2’ ಆಟದಲ್ಲಿ 2013ರಿಂದ ‘ಇಂಡಿಯನ್ಸ್’ ಎಂಬ ಒಂದೇ ಮೂಟೆಯಲ್ಲಿದ್ದ ನಾವೆಲ್ಲ 2022ರಲ್ಲಿ ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮೂಟೆಗಳಾದೆವು. ಆದರೂ ದೊಡ್ಡ ಆಟದಲ್ಲಿ ವಿಜಯನಗರವೆಂದರೆ ಭೂಪಟದ ಮೇಲಿನ ಒಂದು ಬಣ್ಣ. ಅದಕ್ಕೆ ಅನ್ವಯವಾಗುವ ನಿಯಮಗಳು ಬಹುಮಟ್ಟಿಗೆ ಬೇರೆಲ್ಲ ರಾಜ್ಯಗಳಿಗೂ ಅನ್ವಯವಾಗುವಂಥವು.

ಸಣ್ಣ ಸ್ಟುಡಿಯೋ ಬೇರೆ ದಾರಿ ಹಿಡಿಯಬಹುದು. ಕುದುರೆಯ ವ್ಯಾಪಾರವನ್ನೇ ನೋಡಿ. ದಖ್ಖನಿನಲ್ಲಿ ಒಳ್ಳೆಯ ಯುದ್ಧಾಶ್ವಗಳ ತಳಿಯಿರಲಿಲ್ಲ. ಹೋರ್ಮುಜ್ ಮತ್ತು ಅರಬ್ ತೀರದಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವೆಗಳಿಗೆ ತರಿಸಬೇಕಿತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಾರ ಫರ್ನಾಂವ್ ನೂನಿಜ್, ಸಾಳುವ ನರಸಿಂಹನ ಬಗ್ಗೆ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾನೆ. ದಾರಿಯಲ್ಲಿ ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಮೇಲ್ನೋಟಕ್ಕೆ ದೊರೆಯ ಧಾರಾಳತನ. ಲೆಕ್ಕ ಬಲ್ಲವರಿಗೆ ಇದು ಸಾಗರ ವಿಮೆ. ನಷ್ಟದ ಭಯವಿಲ್ಲದ ವ್ಯಾಪಾರಿ ಮುಂದಿನ ಋತುವಿನಲ್ಲಿ ಇನ್ನಷ್ಟು ಕುದುರೆ ತರುತ್ತಾನೆ, ಅದೂ ನೆರೆಯ ಸುಲ್ತಾನರಿಗಿಂತ ಮೊದಲು ಈ ಅರಸನ ಬಂದರಿಗೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಆಟದ ಕೀಲಿಕೈ ಬೇರೆಯವರ ಕೈಸೇರಿತು. 1547ರಲ್ಲಿ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಿಗುವಂತೆ ಒಪ್ಪಂದವೂ ಆಯಿತು. ಒಂದು ಕರಾವಳಿ, ಮಳೆಗಾಲದಲ್ಲಿ ಮುಚ್ಚುವ ಬಂದರುಗಳು, ಹಲವು ಮಂದಿ ಗಿರಾಕಿಗಳು, ಸಾಯಬಹುದಾದ ಸರಕು. ಮೂರು ಆಯಾಮದ ಚಿತ್ರಗಳಿಗೆ ಒಂದು ರೂಪಾಯಿ ಖರ್ಚು ಮಾಡದೆಯೂ ಇದರಿಂದ ಉತ್ತಮ ಆಟ ಕಟ್ಟಬಹುದು.

ಇನ್ನೊಂದು ಆಕರ 1369ರ ಪೋರುಮಾಮಿಳ್ಳ ಶಾಸನ. ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯನ್ನು ಕುರಿತದ್ದು. ಸಾಮಾನ್ಯ ಆಟದಲ್ಲಿ ಕೆರೆಯೆಂದರೆ ಒಂದು ಗುಂಡಿ ಒತ್ತುವುದು, ಇನ್ನೂರು ಹೊನ್ನು ಕಳೆಯುವುದು. ಶಾಸನ ಹೇಳುವುದು ಬೇರೆ: ದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷ. ಅಷ್ಟೇ ಅಲ್ಲ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿ ಜಿನುಗುವುದು, ಉಪ್ಪುಮಣ್ಣು, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು ಇವೆಲ್ಲ ದೋಷಗಳೇ. ಅವುಗಳಲ್ಲೊಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು. ಆರುನೂರೈವತ್ತು ವರ್ಷಗಳ ಹಿಂದಿನ ಆ ಕವಿ ಆಟದ ವಿನ್ಯಾಸಕನಿಗೆ ನಿಯಮವನ್ನು ಬರೆದೇ ಕೊಟ್ಟಿದ್ದಾನೆ! ಕಾವೇರಿ, ಕೃಷ್ಣಾ ವಿವಾದಗಳನ್ನು ಪತ್ರಿಕೆಯಲ್ಲಿ ಓದುತ್ತ ಬಂದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ.

ದಾಖಲೆಯನ್ನು ಕಣ್ಣುಮುಚ್ಚಿ ನಂಬುವುದೂ ಸಲ್ಲದು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ನೂನಿಜ್ ಬರೆಯುತ್ತಾನೆ. ಆತ ಸ್ವತಃ ಕುದುರೆ ವ್ಯಾಪಾರಿಯೆಂದು ಇತಿಹಾಸಕಾರರು ಹೇಳುತ್ತಾರೆ. ಗಿರಾಕಿಯ ಶ್ರೀಮಂತಿಕೆಯನ್ನು ವ್ಯಾಪಾರಿ ಕಡಿಮೆ ಹೇಳುವುದು ಅಪರೂಪ. ಇಂಥ ಕಡೆ ಒಂದೇ ಅಂಕಿಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯನ್ನು ಇಡುವುದು ಲೇಸು. ಮೊದಲ ‘ಸಿವಿಲೈಜೇಶನ್’ ಕಾಲದಿಂದಲೂ ಆಟದೊಳಗೇ ಒಂದು ಕಿರು ವಿಶ್ವಕೋಶ ಇಡುವ ಪದ್ಧತಿಯಿದೆ. ಯಾವ ನಿಯಮ ಶಾಸನದಿಂದ ಬಂದದ್ದು, ಯಾವುದು ಪ್ರವಾಸಿಯ ಮಾತು, ಯಾವುದು ತಂಡದ ಊಹೆ ಎಂದು ಅಲ್ಲಿಯೇ ತಿಳಿಸಿಬಿಟ್ಟರೆ ಆಟಕ್ಕೆ ಗೌರವ ಹೆಚ್ಚುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಧರ್ಮದ ವಿಷಯದಲ್ಲಿ. ಧರ್ಮ ಬೇರೆಯಾದರೆ ಸಂಬಂಧದಲ್ಲಿ ಇಷ್ಟು ಅಂಕ ಕಡಿತ ಎಂಬ ಸಿದ್ಧ ನಿಯಮ ಇಂಥ ಅನೇಕ ಆಟಗಳಲ್ಲಿದೆ. ಬರೆಯಲು ಅದು ಬಹಳ ಸುಲಭ. 1565ರ ತಾಳಿಕೋಟೆ ಯುದ್ಧವನ್ನು ಆ ನಿಯಮದಿಂದ ಆಡಿಸಿದರೆ ಆಗುವುದು ಸುಳ್ಳು ಇತಿಹಾಸ. ಯುದ್ಧಕ್ಕೆ ಕೆಲವೇ ವರ್ಷ ಮೊದಲು ಅಳಿಯ ರಾಮರಾಯನೂ ಬಿಜಾಪುರದ ಅಲಿ ಆದಿಲ್‌ಶಾಹನೂ ಜತೆಗೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ದಳಗಳಿದ್ದವು, ಸುಲ್ತಾನರ ಸೇವೆಯಲ್ಲಿ ಮರಾಠಾ ಸರದಾರರಿದ್ದರು. ಕೋಟೆ, ಗಡಿ, ಮಾನಾಪಮಾನ, ಮದುವೆ ಇವೆಲ್ಲ ಸೇರಿ ಮಿತ್ರರನ್ನು ಶತ್ರುಗಳನ್ನಾಗಿಸಿದವು. ಆ ಜಟಿಲತೆಯೇ ಒಳ್ಳೆಯ ತಂತ್ರಗಾರಿಕೆಯ ಆಟದ ಜೀವಾಳ. ಅದನ್ನು ಚಪ್ಪಟೆ ಮಾಡಿದ ಆಟವನ್ನು ನಮ್ಮ ಮಕ್ಕಳು ನೂರು ಗಂಟೆ ಆಡುವುದಕ್ಕಿಂತ ಆಡದಿರುವುದೇ ಮೇಲು.

ಇತಿಹಾಸ ವಿಭಾಗಗಳ ಜತೆ ಕೂಡಿ ಕೆಲಸ ಮಾಡುವುದು ಕಷ್ಟವಲ್ಲ. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯ ಮತ್ತು ಜೆಕ್ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ಸೇರಿ ರೂಪಿಸಿದ, ನಾಜಿ ಆಕ್ರಮಣದ ದಿನಗಳ ನೆನಪುಗಳನ್ನು ಹೇಳುವ ‘ಅಟೆಂಟಾಟ್ 1942’ (2017) ಇದಕ್ಕೆ ನಿದರ್ಶನ. ಅದು ತಂತ್ರಗಾರಿಕೆಯ ಆಟವಲ್ಲವಾದರೂ ಕಾರ್ಯವಿಧಾನ ಅನುಕರಣೀಯ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ ಎಂಬ ಸಾಹಸದ ಆಟವನ್ನು ಹೊರತಂದು, ನಮ್ಮ ನೆಲದ ಕಥೆಗೆ ಹೊರಗಡೆಯೂ ಆಡುವವರಿದ್ದಾರೆಂದು ತೋರಿಸಿದೆ.

ಹಣದ ಬಗ್ಗೆ ಎರಡು ಮಾತು. ಸ್ಟೀಮ್ ಎಂಬ ಅಂತರಜಾಲ ಮಳಿಗೆ 2013ರಿಂದ ಅಪೂರ್ಣ ಆಟವನ್ನೇ ಮಾರಲು ‘ಅರ್ಲಿ ಆಕ್ಸೆಸ್’ ವ್ಯವಸ್ಥೆ ಮಾಡಿದೆ. ಬರುವ ಹಣವನ್ನು ಲಾಭವೆಂದು ತಿಳಿಯದೆ, ಗ್ರಾಹಕನಿಂದ ಪಡೆದ ಮುಂಗಡವೆಂದು ಪ್ರತ್ಯೇಕವಾಗಿ ಇಡುವುದು ಕ್ಷೇಮ. ಆಡುವವರ ಟೀಕೆಯೂ ಇದೇ ಹಂತದಲ್ಲಿ ಸಿಗುವುದರಿಂದ ಚಿತ್ರಗಳಿಗೆ ಖರ್ಚು ಮಾಡುವ ಮುನ್ನ ನಿಯಮಗಳನ್ನು ಕಾಗದ, ಹುಣಸೆಬೀಜಗಳಿಂದಲೇ ಆಡಿ ನೋಡಿರಬೇಕು.

ಆಟ ಕನ್ನಡದಲ್ಲೂ ಇರಬೇಕೆಂದು ಬಯಸುವವರಿಗೆ ಒಂದು ತಾಂತ್ರಿಕ ತೊಡಕಿದೆ. ಆಟ ಕಟ್ಟುವ ಕೆಲವು ಜನಪ್ರಿಯ ಎಂಜಿನ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಸೇರದೆ ಕಳಚಿ ನಿಲ್ಲುತ್ತವೆ. ಉಚಿತವಾಗಿ ದೊರೆಯುವ ಗೊಡೋ ಎಂಜಿನ್ನಿನ 2023ರ ನಾಲ್ಕನೆಯ ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಯಾವ ಎಂಜಿನ್ನೇ ಆಗಲಿ, ಕೆಲಸ ಆರಂಭಿಸಿದ ಮೊದಲ ದಿನವೇ ‘ರಾಷ್ಟ್ರಕೂಟ’, ‘ಕೃಷ್ಣದೇವರಾಯ’, ‘ಅರ್ಕಾವತಿ’ ಎಂದು ಬರೆದು ತೆರೆಯ ಮೇಲೆ ಸರಿಯಾಗಿ ಮೂಡುತ್ತದೆಯೇ ಎಂದು ನೋಡಬೇಕು. ಆಟ ಮುಗಿದ ಮೇಲೆ ಎಂಜಿನ್ ಬದಲಿಸುವುದೆಂದರೆ ಹೆಚ್ಚುಕಡಿಮೆ ಆಟವನ್ನೇ ಹೊಸದಾಗಿ ಬರೆದಂತೆ.