ತಲೆಕೆಳಗಿನ ಓದು

ಮೇಜಿನ ಆಚೆ ಕುಳಿತವರ ಮುಂದಿರುವ ಕಾಗದವನ್ನು ಈಚೆಯಿಂದಲೇ ಸರಸರನೆ ಓದಿಬಿಡುವವನನ್ನು ಜಾಣನೆಂದು ಮೆಚ್ಚುವುದಕ್ಕಿಂತ ಹೆಚ್ಚಾಗಿ ಕಳ್ಳಗಣ್ಣಿನವನೆಂದು ಶಂಕಿಸುವುದೇ ಲೋಕದ ವಾಡಿಕೆ. ಆದರೆ ಈ ವಿದ್ಯೆಯು ಶತಮಾನಗಳ ಕಾಲ ಒಂದು ವೃತ್ತಿಯವರ ಅನ್ನವಾಗಿದ್ದಿತು. ವಿಜ್ಞಾನಿಗಳ ಗಮನಕ್ಕೆ ಅದು ಬಂದುದು ಬಹಳ ತಡವಾಗಿ, ಅದೂ ಬೇರೊಂದು ಬಾಗಿಲಿನಿಂದ.

ಹದಿನೈದನೆಯ ಶತಮಾನದ ಮಧ್ಯದಲ್ಲಿ ಮೈನ್ಜ್ ನಗರದ ಗುಟೆನ್‌ಬರ್ಗನು ಬಿಡಿ ಮೊಳೆಗಳಿಂದ ಪುಸ್ತಕವನ್ನು ಅಚ್ಚು ಮಾಡಿದಂದಿನಿಂದ, ಮೊಳೆ ಜೋಡಿಸುವವನಿಗೆ ನೆಟ್ಟಗಿನ ಅಕ್ಷರವನ್ನು ನೋಡುವ ಭಾಗ್ಯ ತಪ್ಪಿತು. ಕಾಗದದ ಮೇಲೆ ಅಕ್ಷರವು ಸರಿಯಾಗಿ ಮೂಡಬೇಕಾದರೆ ಮೊಳೆಯ ಮುಖವು ಕನ್ನಡಿಯ ಬಿಂಬದಂತೆ ತಿರುಗಿರಬೇಕು. ಸಾಲನ್ನು ಎಡದಿಂದ ಬಲಕ್ಕೇ ಜೋಡಿಸಿಕೊಂಡು ಹೋಗಬೇಕಾದರೆ ಆ ಮೊಳೆಗಳನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಆದುದರಿಂದ ಕಂಪೋಸಿಟರನ ಕಣ್ಣಿಗೆ ಸಾಲಿನ ದಿಕ್ಕು ನಮ್ಮದೇ ಆಗಿದ್ದು, ಅಕ್ಷರಗಳು ಮಾತ್ರ ಶೀರ್ಷಾಸನ ಹಾಕಿರುತ್ತವೆ. ಎರಡನೆಯ ಸಾಲು ಮೊದಲನೆಯದರ ಮೇಲೆ ಬಂದು ಕೂಡುತ್ತದೆ.

1817ರಲ್ಲಿ ವಿಲಿಯಂ ಕೇರಿಯು ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ ಮೇಲೆ ನಮ್ಮ ಲಿಪಿಯೂ ಈ ಆಸನವನ್ನು ಕಲಿಯಿತು. ನಾನು ಚಿಕ್ಕಂದಿನಲ್ಲಿ ಪಕ್ಕದ ಬೀದಿಯ ಅಚ್ಚುಕೂಟದ ಹೊಸ್ತಿಲಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದುಂಟು. ಎಡಗೈಯಲ್ಲಿ ಮೊಳೆ ಜೋಡಿಸುವ ಪಟ್ಟಿಯಾದ ಸ್ಟಿಕ್ಕನ್ನು ಹಿಡಿದು, ಸಾಲು ಚೆದುರದಂತೆ ಹೆಬ್ಬೆರಳಿನಿಂದ ಒತ್ತಿಕೊಂಡು, ಬಲಗೈಯನ್ನು ಮೊಳೆಗಳ ಪೆಟ್ಟಿಗೆಯಾದ ಕೇಸಿನ ಮನೆಮನೆಗೂ ಓಡಿಸುತ್ತಿದ್ದ ಅಲ್ಲಿಯ ಹಿರಿಯರು, ಸಾಲು ತುಂಬಿದೊಡನೆ ಒಮ್ಮೆ ಕಣ್ಣಾಡಿಸಿ, ಚಿಮುಟದಿಂದ ಒಂದು ಮೊಳೆಯನ್ನು ಕಿತ್ತು ಬೇರೊಂದನ್ನು ಇಡುತ್ತಿದ್ದರು. ತಲೆಕಟ್ಟು ಕೆಳಗೆ ಬಿದ್ದು, ಒತ್ತಕ್ಷರ ಮೇಲೇರಿ, ‘ಬ’ಕಾರವನ್ನು ‘ಭ’ಕಾರದಿಂದ ಬೇರ್ಪಡಿಸುವ ಸೀಳು ನೆತ್ತಿಗೆ ಬಂದಿರುವ ಆ ಸೀಸದ ಸಾಲಿನಲ್ಲಿ ತಪ್ಪನ್ನು ಅವರು ಹೇಗೆ ಕಾಣುತ್ತಿದ್ದರೆಂಬುದು ನನಗೆ ಅಂದು ಒಗಟೇ ಆಗಿತ್ತು.

ಶಾಸ್ತ್ರದವರಿಗೆ ಈ ಒಗಟು ಎದುರಾದುದು ಕಣ್ಣಿನ ರಚನೆಯಿಂದ. ಅಕ್ಷಿಪಟಲದ ಮೇಲೆ ಲೋಕದ ಬಿಂಬವು ತಲೆಕೆಳಗಾಗಿಯೇ ಬೀಳುತ್ತದೆಂದು 1604ರಲ್ಲಿ ಕೆಪ್ಲರನು ನಿರೂಪಿಸಿದಾಗಿನಿಂದ, ಹಾಗಾದರೆ ನಮಗೆ ಲೋಕ ನೆಟ್ಟಗೆ ಕಾಣುವುದೇಕೆಂಬ ಪ್ರಶ್ನೆ ಉಳಿದೇ ಇದ್ದಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರಾಟನ್ನನು ಬಿಂಬವನ್ನು ಬುಡಮೇಲು ಮಾಡುವ ಮಸೂರವನ್ನು ಒಂದು ಕಣ್ಣಿಗೆ ಕಟ್ಟಿ, ಇನ್ನೊಂದನ್ನು ಮುಚ್ಚಿ, ಎಂಟು ದಿನ ಹಾಗೆಯೇ ಬಾಳಿ, 1897ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಆಮೇಲೆ ಇನ್ಸ್‌ಬ್ರುಕ್ಕಿನಲ್ಲಿ ಎರಿಸ್ಮನ್ ಮತ್ತು ಕೋಲರ್ ಎಂಬವರು ಇಂತಹ ಕನ್ನಡಕಗಳನ್ನು ತೊಡಿಸಿ ಜನರನ್ನು ಸೈಕಲ್ಲಿನ ಮೇಲೂ ಹತ್ತಿಸಿದರು. ಇದೆಲ್ಲ ಜನಪ್ರಿಯ ಕಥೆಯಾಗಿ, ಕೆಲವು ದಿನಗಳಲ್ಲಿ ಲೋಕವೇ ತಿರುಗಿ ನೆಟ್ಟಗಾಗುತ್ತದೆಂಬ ನಂಬಿಕೆ ಹಬ್ಬಿತು. 1999ರಲ್ಲಿ ಲಿಂಡೆನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಚಲನವಲನ ಹೊಂದಿಕೊಂಡರೂ ದೃಷ್ಟಿ ನೆಟ್ಟಗಾಗುವುದಿಲ್ಲವೆಂದು ಕಂಡಿತು. ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ ಇನ್ನೊಂದಿದೆ: ಎಡಬಲಗಳನ್ನು ಅದಲುಬದಲು ಮಾಡುವ ಕನ್ನಡಕ ತೊಟ್ಟವನೊಬ್ಬನಿಗೆ ಬೀದಿಯ ವಾಹನಗಳೆಲ್ಲ ಸರಿಯಾದ ಬದಿಯಲ್ಲಿ ಓಡತೊಡಗಿದ ಮೇಲೂ ಅವುಗಳ ನಂಬರು ಫಲಕದ ಬರಹ ಮಾತ್ರ ಕನ್ನಡಿಬರಹವಾಗಿಯೇ ಕಾಣುತ್ತಿತ್ತೆಂದು ಕೋಲರನು ಬರೆದಿದ್ದಾನೆ. ಲೋಕವನ್ನು ನೋಡುವುದು ಬೇರೆ, ಅಕ್ಷರವನ್ನು ಓದುವುದು ಬೇರೆ.

ಓದನ್ನೇ ಹಿಡಿದು ಶೋಧಿಸಿದವನು ಟೊರಾಂಟೋ ವಿಶ್ವವಿದ್ಯಾಲಯದ ಪಾಲ್ ಕೋಲರ್ಸ್. ಇನ್ಸ್‌ಬ್ರುಕ್ಕಿನ ಕನ್ನಡಕಗಳ ಬೆರಗು ಇವನ ಕೆಲಸಕ್ಕಿಲ್ಲ. ಆದರೆ ಈ ಕ್ಷೇತ್ರದಲ್ಲಿ ತೂಕವುಳ್ಳ ಕೆಲಸ ಇವನದೇ ಎಂದು ನನ್ನ ಅಭಿಪ್ರಾಯ. 1968ರಿಂದ ಅವನು ಪುಟಗಳನ್ನು ತಿರುಗಿಸಿ, ಮಗುಚಿ, ಕನ್ನಡಿಗೆ ಹಿಡಿದಂತೆ ಅಚ್ಚು ಮಾಡಿಸಿ ವಿದ್ಯಾರ್ಥಿಗಳಿಂದ ಓದಿಸಿದನು. ನೆಟ್ಟಗಿನ ಪುಟಕ್ಕೆ ಒಂದೂವರೆ ನಿಮಿಷ ಸಾಕಾಗುತ್ತಿದ್ದವರಿಗೆ ತಲೆಕೆಳಗಾದ ಮೊದಲ ಪುಟಕ್ಕೆ 16 ನಿಮಿಷಕ್ಕೂ ಮಿಕ್ಕಿ ಹಿಡಿಯಿತು. ಸುಮಾರು 200 ಪುಟಗಳ ಅಭ್ಯಾಸವಾದ ಮೇಲೆ ಎರಡು ಓದಿಗೂ ಹೆಚ್ಚುಕಡಮೆ ಒಂದೇ ವೇಳೆ. ವರ್ಷ ಕಳೆದ ಮೇಲೆ ಅವರನ್ನೇ ಕರೆಸಿದಾಗ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಮೊದಲ ಪುಟವನ್ನು ಸುಮಾರು 3 ನಿಮಿಷಗಳಲ್ಲಿ ಮುಗಿಸಿದರು. ಅಷ್ಟೇ ಅಲ್ಲ, ಹಿಂದೆ ಓದಿದ್ದ ಪುಟಗಳನ್ನು ಹೊಸ ಪುಟಗಳಿಗಿಂತ ತುಸು ವೇಗವಾಗಿ ಓದಿದರು.

ಮುಂದಿನ ಹೆಜ್ಜೆ ಇನ್ನೂ ವಿಸ್ಮಯಕರವಾದುದು. 1980ರಲ್ಲಿ ನೀಲ್ ಕೋಹೆನ್ ಮತ್ತು ಲ್ಯಾರಿ ಸ್ಕ್ವೈರ್ ಎಂಬವರು ಸ್ಮೃತಿಭ್ರಂಶದ ರೋಗಿಗಳಿಗೆ ಕನ್ನಡಿಬರಹದ ಓದನ್ನು ಕಲಿಸಿದರು. ಓದಿದ ಪದಗಳ ನೆನಪು ಅವರಲ್ಲಿ ಉಳಿಯಲಿಲ್ಲ. ಓದುವ ಕೌಶಲವಾದರೋ ಇತರರಷ್ಟೇ ಚೆನ್ನಾಗಿ ಬೆಳೆಯಿತು, ತಿಂಗಳುಗಳ ನಂತರವೂ ಉಳಿದಿತ್ತು. ವಿಷಯವನ್ನು ಬಲ್ಲುದು ಒಂದು, ಮಾಡಬಲ್ಲುದು ಇನ್ನೊಂದು, ಮಿದುಳಿನಲ್ಲಿ ಇವುಗಳ ನೆಲೆಗಳೂ ಬೇರೆಬೇರೆ ಎಂಬುದಕ್ಕೆ ಇದು ದೊಡ್ಡ ಆಧಾರವಾಯಿತು. ಹೈಫಾದ ಕೊರಿಯಟ್ ಮತ್ತು ನಾರ್ಮನ್ ಅವರು ಹೀಬ್ರೂ ಪದಗಳನ್ನು ಓರೆಮಾಡಿ ತೋರಿಸುತ್ತ, ಸುಮಾರು 60 ಡಿಗ್ರಿವರೆಗೆ ಓದಿಗೆ ಹೆಚ್ಚಿನ ಅಡ್ಡಿಯಿಲ್ಲವೆಂದೂ ಆಚೆಗೆ ಶ್ರಮ ಏರುತ್ತದೆಂದೂ ತೋರಿಸಿದರು. 2008ರಲ್ಲಿ ಫ್ರಾನ್ಸಿನ ಲೋರಾಂ ಕೋಹೆನ್, ದೆಹೇನ್ ಮೊದಲಾದವರು, ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿಯುವ ದಾರಿ ಸೋತಾಗ ಮಿದುಳಿನ ಮೇಲ್ಭಾಗದ ಬೇರೊಂದು ದಾರಿ ಅಕ್ಷರದಿಂದ ಅಕ್ಷರಕ್ಕೆ ಗಮನವನ್ನು ನಡೆಸುತ್ತದೆಂದು ವಿವರಿಸಿದರು.

ಈ ಪ್ರಯೋಗಗಳಲ್ಲಿ ಓದಿದವರು 200 ಪುಟಗಳವರು, ಕೆಲವು ದಿನಗಳವರು. ನಲವತ್ತು ವರ್ಷ ಮೊಳೆಯನ್ನೇ ಓದಿದವರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಕಂಪ್ಯೂಟರ್ ಬಂದು ಕೇಸುಗಳು ಗುಜರಿಗೆ ಹೋದುದರಿಂದ ಅವರ ತರುವಾಯ ಈ ಓದನ್ನು ಬಲ್ಲವರು ಬರುವುದಿಲ್ಲ. ಅಂತಹ ಹಿರಿಯರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಈ ಪತ್ರಿಕೆಯ ಇದೇ ಪುಟವನ್ನು ತಲೆಕೆಳಗಾಗಿ ಅವರ ಮುಂದಿಟ್ಟು, ಗಡಿಯಾರ ನೋಡಿ, ಎಷ್ಟು ನಿಮಿಷವಾಯಿತೆಂದು ಬರೆದಿಡಿ.